ವೇಗಕ್ಕೆ ವೋಲ್ಟೇಜ್ ಕೊಡುವ ಮೊದಲು

ನಮ್ಮ ಕಡೆ ಅಡಿಕೆ ತೋಟಕ್ಕೆ ಪಂಪು ಇಟ್ಟವರಿಗೆ ವೋಲ್ಟೇಜ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ಕೊನೆಯ ಕಂಬದಲ್ಲಿ ಮನೆಯಿರುವವರಿಗಂತೂ ಅದು ನಿತ್ಯದ ಅನುಭವ. ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಮ್ಮೆಗೇ ಸುರುವಾದರೆ ಬಲ್ಬು ಕೆಂಪಗೆ ಮಿಣುಕುತ್ತದೆ. ಮೋಟಾರು ಗುಂಯ್ ಎಂದು ನರಳುತ್ತದೆಯೇ ಹೊರತು ತಿರುಗುವುದಿಲ್ಲ. ರಾತ್ರಿ ಪಂಪುಗಳೆಲ್ಲ ನಿಂತ ಮೇಲೆ ಅದೇ ಬಲ್ಬು ಕಣ್ಣು ಕುಕ್ಕುವಂತೆ ಉರಿದು, ಒಮ್ಮೊಮ್ಮೆ ಫ್ಯೂಸ್ ಆಗಿಯೇ ಬಿಡುತ್ತದೆ. ಹೊರೆ ಏರಿದಾಗ ವೋಲ್ಟೇಜ್ ಇಳಿಯುತ್ತದೆ, ಹೊರೆ ಇಳಿದಾಗ ಏರುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಈ ಲೇಖನದ ಅರ್ಧ ಪಾಠ ಆದಂತೆಯೇ.

ಏಕೆಂದರೆ ಇದೇ ಆಟ, ಇದೇ ನಿಯಮದಂತೆ, ಅಂಗೈಯಗಲದ ಜಾಗದಲ್ಲಿ ನಮ್ಮ ಮೇಜಿನ ಕೆಳಗೂ ನಡೆಯುತ್ತಿರುತ್ತದೆ. ಅದು ಕಂಪ್ಯೂಟರಿನ ಮದರ್‌ಬೋರ್ಡ್. ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಹೆಚ್ಚಿಗೆ ಓಡಿಸುವ ಹವ್ಯಾಸಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇತ್ತೀಚೆಗೆ ಹತ್ತನೆಯ ತರಗತಿ ದಾಟಿದ ಹುಡುಗರು ಇದನ್ನು ಸಲೀಸಾಗಿ ಮಾಡುತ್ತಾರೆ. ಮಾಡುವುದು ಸುಲಭ, ಆದರೆ ಯಂತ್ರ ಕೆಟ್ಟು ನಿಂತಾಗ ತಪ್ಪು ಎಲ್ಲಿದೆಯೆಂದು ಹುಡುಕುವುದು ಕಷ್ಟ. ಹುಡುಕುವ ಕ್ರಮ ತಿಳಿಯದೆ ಬರೇ ವೋಲ್ಟೇಜ್ ಏರಿಸುತ್ತ ಹೋದದ್ದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆದ ನಷ್ಟವನ್ನು ಕಣ್ಣಾರೆ ಕಂಡ ಕಾರಣ ಇದನ್ನು ಬರೆಯುತ್ತಿದ್ದೇನೆ.

ಆಟಿ ತಿಂಗಳ ಒಂದು ಸಂಜೆ

2019ರ ಮಳೆಗಾಲ. ಮದುವೆ, ಉಪನಯನ, ಯಕ್ಷಗಾನ ಕೂಟಗಳ ವೀಡಿಯೋ ಮಾಡಿ ಜೀವನ ಸಾಗಿಸುವ ಆ ಹುಡುಗ ಒಂದು ಸಂಜೆ ಕೊಡೆ ಮಡಚುತ್ತ ಮನೆಗೆ ಬಂದ. ಮುಖ ಸಪ್ಪಗಿತ್ತು.

"ಮಾಸ್ಟ್ರೇ, ಕಂಪ್ಯೂಟರ್ ಅರ್ಧದಲ್ಲೇ ನಿಲ್ಲುತ್ತದೆ. ವೋಲ್ಟೇಜ್ ಮೂರು ಸಲ ಏರಿಸಿ ಆಯಿತು. ಇನ್ನು ಎಷ್ಟು ಏರಿಸಬಹುದು?" ಎಂದ.

"ಏರಿಸಿದರೆ ಸರಿಯಾಗುತ್ತದೆ ಎಂದು ನಿನಗೆ ಹೇಳಿದ್ದು ಯಾರು ಮಾರಾಯ?" ಎಂದೆ.

"ಎಲ್ಲರೂ ಹಾಗೆಯೇ ಹೇಳುವುದಲ್ಲವಾ?" ಎಂದ.

ಅವನದು ಹಳೆಯದಾಗಿ ಕೊಂಡ ಯಂತ್ರ. ಅದರಲ್ಲಿದ್ದದ್ದು 2011ರ ಆರಂಭದಲ್ಲಿ ಹೊರಬಂದ ಇಂಟೆಲ್ ಕೋರ್ ಐ5-2500ಕೆ. ನಾಲ್ಕು ಕೋರ್, 3.3 ಗಿಗಾಹರ್ಟ್ಸ್ ಮೂಲ ವೇಗ. ಹೆಸರಿನ ಕೊನೆಯ 'ಕೆ' ಅಕ್ಷರದ ಅರ್ಥ, ಇದರ ಗುಣಕಕ್ಕೆ ಬೀಗ ಹಾಕಿಲ್ಲ ಎಂದು. ಮೂಲ ಗಡಿಯಾರದ ಮಿಡಿತ 100 ಮೆಗಾಹರ್ಟ್ಸ್. ಅದನ್ನು 33ರಿಂದ ಗುಣಿಸಿದರೆ 3.3 ಗಿಗಾಹರ್ಟ್ಸ್. ಗುಣಕವನ್ನು 45 ಎಂದು ಬರೆದರೆ 4.5. ಇಷ್ಟೇ ಲೆಕ್ಕ. ಹುಡುಗ ಬಯೋಸಿನೊಳಗೆ ಹೋಗಿ 45 ಎಂದು ಬರೆದಿದ್ದ. ಎರಡು ಗಂಟೆ ಹಿಡಿಯುವ ವೀಡಿಯೋ ಕೆಲಸ ಬೇಗ ಮುಗಿಯಲಿ, ಮರುದಿನ ಗಿರಾಕಿಗೆ ಕೊಡಬಹುದು ಎಂಬ ಆಸೆ. ಅದರಲ್ಲಿ ತಪ್ಪೇನೂ ಇಲ್ಲ.

ಈ ಆಸೆ ಹೊಸದೂ ಅಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿಗೆ 66 ಮೆಗಾಹರ್ಟ್ಸಿನ ಬಸ್ಸಿನ ಬದಲು 100 ಕೊಟ್ಟರೆ 300ರಿಂದ ನೇರವಾಗಿ 450 ಮೆಗಾಹರ್ಟ್ಸಿಗೆ ಏರುತ್ತಿತ್ತು. ಎಷ್ಟೋ ಸಲ ವೋಲ್ಟೇಜ್ ಏರಿಸುವ ಅಗತ್ಯವೂ ಬೀಳುತ್ತಿರಲಿಲ್ಲ. ಪ್ರಪಂಚದಾದ್ಯಂತ ಈ ಹವ್ಯಾಸ ಮನೆ ಮಾತಾದದ್ದು ಅಂತಹ ಪ್ರೊಸೆಸರುಗಳಿಂದ. ಆದರೆ ಅದೃಷ್ಟವನ್ನು ನಿಯಮವೆಂದು ತಿಳಿಯಬಾರದು.

ವೇಗದ ನಿಜವಾದ ಬೆಲೆ

ವೇಗ ಹೆಚ್ಚಿಸಿದಾಗ ವೋಲ್ಟೇಜ್ ಯಾಕೆ ಬೇಕು? ಪ್ರೊಸೆಸರಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಪ್ರತಿ ಮಿಡಿತಕ್ಕೂ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುತ್ತವೆ. ಮಿಡಿತಗಳು ಹತ್ತಿರ ಹತ್ತಿರವಾದಷ್ಟೂ ಬದಲಾಗಲು ಸಿಗುವ ಸಮಯ ಕಡಿಮೆ. ವೋಲ್ಟೇಜ್ ಹೆಚ್ಚಿದ್ದರೆ ಬದಲಾವಣೆ ಬೇಗ ಆಗುತ್ತದೆ. ಸಾಲದೆ ಹೋದರೆ ಒಂದು ಕಡೆ ಸೊನ್ನೆ ಇರಬೇಕಾದಲ್ಲಿ ಒಂದು ಉಳಿಯುತ್ತದೆ, ಲೆಕ್ಕ ತಪ್ಪುತ್ತದೆ, ಯಂತ್ರ ನಿಲ್ಲುತ್ತದೆ.

ಆದರೆ ಈ ವೋಲ್ಟೇಜಿನ ಬೆಲೆ ದುಬಾರಿ. ಪ್ರೊಸೆಸರು ಬದಲಾವಣೆಗೆ ವ್ಯಯಿಸುವ ವಿದ್ಯುತ್ತು ವೇಗಕ್ಕೆ ಸರಿಯಾಗಿಯೂ, ವೋಲ್ಟೇಜಿನ ವರ್ಗಕ್ಕೆ ಸರಿಯಾಗಿಯೂ ಏರುತ್ತದೆ. ವರ್ಗ ಎಂಬ ಶಬ್ದವನ್ನು ಗಮನಿಸಬೇಕು. ಈ ಯಂತ್ರದ ನಾಲ್ಕೂ ಕೋರ್ ದುಡಿಯುವಾಗಿನ ವೇಗ 3.4 ಗಿಗಾಹರ್ಟ್ಸ್, ವೋಲ್ಟೇಜ್ ಸುಮಾರು 1.20 ಎಂದಿಟ್ಟುಕೊಳ್ಳೋಣ. ಹುಡುಗ ಇಟ್ಟದ್ದು 4.5 ಗಿಗಾಹರ್ಟ್ಸ್, 1.45 ವೋಲ್ಟ್. ವೇಗ ಏರಿದ್ದು ಶೇಕಡಾ 32. ಬಿಸಿ ಏರಿದ್ದು ಶೇಕಡಾ 93! ಅಂದರೆ ಮೂರನೇ ಒಂದು ಪಾಲಿನಷ್ಟು ವೇಗಕ್ಕಾಗಿ ಹೆಚ್ಚುಕಡಿಮೆ ಇಮ್ಮಡಿ ಉರಿ. ಅದೇ 4.5ರಲ್ಲಿ 1.35ರಿಂದ 1.45ಕ್ಕೆ ಏರಿಸಿದ ಕೊನೆಯ ಒಂದಂಶದಿಂದ ಅವನಿಗೆ ದಕ್ಕಿದ ವೇಗ ಸೊನ್ನೆ, ದಕ್ಕಿದ ಬಿಸಿ ಶೇಕಡಾ 15.

ಬಿಸಿಯಷ್ಟೇ ಆದರೆ ಫ್ಯಾನು ಹಾಕಿ ತಣಿಸಬಹುದು. ಹೆಚ್ಚಿನ ವೋಲ್ಟೇಜೂ ಹೆಚ್ಚಿನ ಪ್ರವಾಹವೂ ಕೂಡಿದಾಗ ಪ್ರೊಸೆಸರಿನೊಳಗಿನ ಕೂದಲಿಗಿಂತ ಎಷ್ಟೋ ಪಟ್ಟು ಸಪೂರ ತಂತಿಗಳು ನಿಧಾನವಾಗಿ ಸವೆಯುತ್ತವೆ. ತೋಡಿನ ನೀರು ಬದುವನ್ನು ಕೊರೆಯುವಂತೆ ಪ್ರವಾಹವು ಲೋಹದ ಕಣಗಳನ್ನು ಸರಿಸುತ್ತದೆ. ಇಂದು ಸರಿಯಾಗಿ ಓಡುವ ಯಂತ್ರ ವರ್ಷ ಕಳೆದ ಮೇಲೆ ಅದೇ ವೇಗಕ್ಕೆ ಇನ್ನಷ್ಟು ವೋಲ್ಟೇಜ್ ಕೇಳತೊಡಗುತ್ತದೆ. ಕೊಟ್ಟರೆ ಮತ್ತೂ ಬೇಗ ಸವೆಯುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ವೋಲ್ಟೇಜ್ ಎಂದರೆ ಒಂದಲ್ಲ

ಹುಡುಗನ ಮನೆಗೆ ಮರುದಿನ ಹೋದೆ. ಮೊದಲು ಅವನಿಗೆ ಹೇಳಿದ್ದು, ಮದರ್‌ಬೋರ್ಡಿನಲ್ಲಿ ವೋಲ್ಟೇಜ್ ಎಂಬುದು ಒಂದೇ ಇಲ್ಲ ಎಂದು.

ಗೋಡೆಯಿಂದ ಬರುವ 230 ವೋಲ್ಟನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ 12, 5 ಮತ್ತು 3.3 ವೋಲ್ಟಾಗಿ ಇಳಿಸುತ್ತದೆ. 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು ಹೆಚ್ಚು ಕಡಿಮೆಗೆ, ಅಂದರೆ 11.4ರಿಂದ 12.6ರ ವರೆಗೆ, ವಿನಾಯಿತಿ ಇದೆ. ಪ್ರೊಸೆಸರಿನ ಸುತ್ತ ಸಾಲಾಗಿ ಕುಳಿತ ಚೌಕಾಕಾರದ ಕಾಯಿಲ್‌ಗಳನ್ನು ನೀವು ನೋಡಿರಬಹುದು. ಅವುಗಳ ಬಳಗವೇ ಆ 12 ವೋಲ್ಟನ್ನು ಮತ್ತೆ 1.2ರ ಆಸುಪಾಸಿಗೆ ಇಳಿಸುವುದು. 95 ವ್ಯಾಟಿನ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ ಹರಿಯುವ ಪ್ರವಾಹ ಸುಮಾರು 80 ಆಂಪಿಯರ್. ನಮ್ಮ ಇಡೀ ಮನೆಗೆ ಬರುವ ಪ್ರವಾಹಕ್ಕಿಂತ ಹೆಚ್ಚು!

ಪ್ರೊಸೆಸರಿನ ಕೋರುಗಳಿಗೆ ಸಿಗುವುದು ವಿಕೋರ್. ಅದರ ಪಕ್ಕದಲ್ಲೇ ಬಯೋಸಿನಲ್ಲಿ ಬೇರೆ ಸಾಲುಗಳಿವೆ. ಮೆಮೊರಿ ಪಟ್ಟಿಗಳಿಗೆ ಡಿರ್ಯಾಮ್ ವೋಲ್ಟೇಜ್. ಈ ಯಂತ್ರದ ಡಿಡಿಆರ್3ಕ್ಕೆ ಅದು 1.5. ಪ್ರೊಸೆಸರಿನೊಳಗೆ ಕುಳಿತು ಮೆಮೊರಿಯೊಡನೆ ವ್ಯವಹರಿಸುವ ಭಾಗಗಳಿಗೆ ಬೇರೆ ಎರಡು: ವಿಸಿಸಿಐಓ 1.05, ಸಿಸ್ಟಂ ಏಜೆಂಟ್ 0.925. ಗಡಿಯಾರದ ಮಿಡಿತ ಹುಟ್ಟಿಸುವ ಪಿಎಲ್‌ಎಲ್‌ಗೆ 1.8. ಒಂದೊಂದು ಕಂಪೆನಿಯ ಬೋರ್ಡಿನಲ್ಲಿ ಒಂದೊಂದು ಹೆಸರು, ಅದರಿಂದ ಗೊಂದಲ. ಆದರೆ ಕೆಲಸ ಅದೇ.

ಹುಡುಗ ಏರಿಸಿದ್ದು ವಿಕೋರ್ ಮಾತ್ರ. ಉಳಿದುದೆಲ್ಲ 'ಆಟೋ'. ಕಾಲು ನೋವೆಂದು ತಲೆಗೆ ಎಣ್ಣೆ ಹಚ್ಚುತ್ತಿದ್ದೇವೋ ಏನೋ ಎಂದು ಮೊದಲು ನೋಡಬೇಕಲ್ಲ?

ನೀಲಿ ಪರದೆ ಹೇಳುವ ಮಾತು

ಯಂತ್ರ ನಿಂತಾಗ ವಿಂಡೋಸ್ ಒಂದು ನೀಲಿ ಪರದೆ ತೋರಿಸಿ, ಅದರಲ್ಲಿ ಒಂದು ಹೆಸರು ಬರೆಯುತ್ತದೆ. ಹೆಚ್ಚಿನವರು ಓದುವುದೇ ಇಲ್ಲ, ಬೈದು ಸ್ವಿಚ್ಚು ಒತ್ತುತ್ತಾರೆ. ವೈದ್ಯರು ನಾಡಿ ನೋಡುವಂತೆ ಅದನ್ನು ನೋಡಬೇಕು.

'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಎಂದಿದ್ದರೆ ಒಂದು ಕೋರು ನಿಗದಿತ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂದರ್ಥ. ಓವರ್‌ಕ್ಲಾಕ್ ಮಾಡಿದ ಯಂತ್ರದಲ್ಲಿ ಇದು ಸಾಮಾನ್ಯವಾಗಿ ವಿಕೋರ್ ಸಾಲದ ಲಕ್ಷಣ. 'ವ್ಹೀಯಾ ಅನ್‌ಕರೆಕ್ಟೆಬಲ್ ಎರರ್' ಎಂದರೆ ತಿದ್ದಲಾಗದ ಯಂತ್ರಾಂಗ ದೋಷ. ವಿಕೋರ್ ಇರಬಹುದು, ಮೆಮೊರಿ ನಿಯಂತ್ರಕದ ವೋಲ್ಟೇಜೂ ಇರಬಹುದು. 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದು ಬಂದರೆ ಮೊದಲ ಸಂಶಯ ಮೆಮೊರಿಯ ಮೇಲೆಯೇ. ಇವು ಸುಳಿವುಗಳೇ ಹೊರತು ತೀರ್ಪುಗಳಲ್ಲ. ನೀಲಿ ಪರದೆ ಬರುವ ಮೊದಲೇ ವಿಂಡೋಸಿನ 'ಇವೆಂಟ್ ವ್ಯೂವರ್' ಎಂಬ ದಿನಚರಿಯಲ್ಲಿ 'ವ್ಹೀಯಾ ಲಾಗರ್' ಹೆಸರಿನಲ್ಲಿ ತಿದ್ದಿದ ತಪ್ಪುಗಳ ಸಾಲು ಬೀಳುವುದುಂಟು. ಯಂತ್ರ ಸರಿಯಾಗಿಯೇ ಓಡುತ್ತಿದೆ ಎಂದು ನಾವು ಎಣಿಸುವಾಗಲೂ ಅದು ಒಳಗೊಳಗೆ ಎಡವುತ್ತಿದೆ ಎಂದು ಇದರಿಂದ ತಿಳಿಯುತ್ತದೆ.

ಹುಡುಗ ಮೊಬೈಲಿನಲ್ಲಿ ತೆಗೆದಿಟ್ಟ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಏಳರಲ್ಲಿ ಐದು ಚಿತ್ರಗಳಲ್ಲಿ ಮೆಮೊರಿ ಎಂಬ ಶಬ್ದವಿತ್ತು.

"ಮೆಮೊರಿ ಹೊಸತು ಹಾಕಿದ್ದು ಯಾವಾಗ?"

"ಓವರ್‌ಕ್ಲಾಕ್ ಮಾಡಿದ ದಿನವೇ ಮಾಸ್ಟ್ರೇ. ಒಬ್ಬರು ಕಡಿಮೆಗೆ ಕೊಟ್ಟರು, ಎರಡು ಪಟ್ಟಿ."

ಗುಟ್ಟು ಅಲ್ಲಿತ್ತು. ಒಂದೇ ದಿನ ಎರಡು ಬದಲಾವಣೆ ಮಾಡಿದ ಮೇಲೆ ತಪ್ಪು ಯಾವುದರದ್ದೆಂದು ಯಾರು ಹೇಳಬೇಕು? ಪ್ರಯೋಗಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ನಾವು ಹೇಳುವ ಮೊದಲ ಮಾತು, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ ಎಂದು. ಇವನೂ ಅದನ್ನು ಬರೆದು ಅಂಕ ಪಡೆದವನೇ!

ಇನ್ನೂರು ಪುಟದ ಕಾಪಿ ಪುಸ್ತಕ

ಮೊದಲು ಮಾಡಿದ್ದು, ಬಯೋಸಿನಲ್ಲಿ ಎಲ್ಲವನ್ನೂ ಮೂಲಸ್ಥಿತಿಗೆ ತಂದದ್ದು. ಯಂತ್ರ ಬಯೋಸಿನವರೆಗೂ ಬಾರದೆ ಕಪ್ಪು ಪರದೆಯಲ್ಲೇ ನಿಂತರೆ, ಕರೆಂಟಿನ ತಂತಿ ಕಳಚಿ, ಬೋರ್ಡಿನಲ್ಲಿರುವ ನಾಣ್ಯದಂತಹ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಅಥವಾ ಅದಕ್ಕೆಂದೇ ಇರುವ ಜಂಪರನ್ನು ಬಳಸಿದರೆ ಬಯೋಸ್ ಹಳೆಯ ಸ್ಥಿತಿಗೆ ಮರಳುತ್ತದೆ. ಎರಡನೆಯದು, ಓವರ್‌ಕ್ಲಾಕ್ ಇಲ್ಲದೆಯೇ ಮೆಮೊರಿಯನ್ನು ಪರೀಕ್ಷಿಸಿದ್ದು. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್ ಡ್ರೈವಿನಲ್ಲಿ ಹಾಕಿ ಯಂತ್ರವನ್ನು ಅದರಿಂದಲೇ ಎಬ್ಬಿಸಿದೆವು. ಊಟ ಮುಗಿಸಿ ಬರುವುದರೊಳಗೆ ಪರದೆಯ ಮೇಲೆ ಕೆಂಪು ಸಾಲುಗಳು ತುಂಬಿದ್ದವು.

ಹೊಸ ಪಟ್ಟಿಗಳನ್ನು ಕಳಚಿ ಚೀಟಿ ಓದಿದೆವು. 1600ರ ವೇಗಕ್ಕೆ 1.65 ವೋಲ್ಟ್ ಬೇಕೆಂದು ಬರೆದಿತ್ತು. ಹಳೆಯ ಪಟ್ಟಿಗಳದ್ದು 1333, 1.5 ವೋಲ್ಟ್. ಬೋರ್ಡು ಆಟೋದಲ್ಲಿ ವೇಗವನ್ನು 1600 ಎಂದೂ ವೋಲ್ಟೇಜನ್ನು 1.5 ಎಂದೂ ಇಟ್ಟಿತ್ತು. ಕೇಳಿದ್ದು 1.65, ಸಿಕ್ಕಿದ್ದು 1.5.

"ಹಾಗಾದರೆ 1.65 ಕೊಡುವಾ?" ಎಂದು ಹುಡುಗ ಕೀಲಿಮಣೆಗೆ ಕೈ ಹಾಕಿದ. ತಡೆದೆ. ಮೆಮೊರಿಯ ನಿಯಂತ್ರಕ ಇರುವುದು ಪ್ರೊಸೆಸರಿನೊಳಗೆ. ಈ ಪೀಳಿಗೆಯ ಪ್ರೊಸೆಸರಿಗೆ ಇಂಟೆಲ್ ಹೇಳಿದ್ದು 1.5, ಹೆಚ್ಚೆಂದರೆ ಅದರ ಮೇಲೆ ಶೇಕಡಾ 5. ಪಟ್ಟಿ ತಡೆಯುತ್ತದೆಂದು ಪ್ರೊಸೆಸರು ತಡೆಯಬೇಕೆಂದೇನಿಲ್ಲ. ಆದ ಕಾರಣ ವೋಲ್ಟೇಜ್ ಏರಿಸುವ ಬದಲು ವೇಗ ಇಳಿಸಿದೆವು. ನಾಲ್ಕೂ ಪಟ್ಟಿಗಳು 1333ರಲ್ಲಿ ರಾತ್ರಿಯಿಡೀ ಓಡಿದವು. ಬೆಳಿಗ್ಗೆ ನೋಡಿದರೆ ತಪ್ಪು ಸೊನ್ನೆ.

ಮೆಮೊರಿ ನಿರ್ದೋಷಿ ಎಂದು ಖಾತ್ರಿಯಾದ ಮೇಲೆಯೇ ಪ್ರೊಸೆಸರಿನ ಸರದಿ. ಇನ್ನೂರು ಪುಟದ ಒಂದು ಕಾಪಿ ಪುಸ್ತಕದಲ್ಲಿ ಆರು ಕಾಲಂ ಎಳೆದೆವು: ಗುಣಕ, ಇಟ್ಟ ವೋಲ್ಟೇಜ್, ಹೊರೆಯಲ್ಲಿ ಕಾಣುವ ವೋಲ್ಟೇಜ್, ಉಷ್ಣತೆ, ಪರೀಕ್ಷೆಯ ಅವಧಿ, ಫಲಿತಾಂಶ. ವೋಲ್ಟೇಜ್ ಮತ್ತು ಉಷ್ಣತೆ ನೋಡಲು ಎಚ್‌ಡಬ್ಲ್ಯುಇನ್ಫೋ, ಹೊರೆ ಹಾಕಲು ಪ್ರೈಮ್95. ಈ ಪ್ರೈಮ್95 ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಮಾಡಿದ ತಂತ್ರಾಂಶ. ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅದು ಹಿಡಿದು ಹೇಳುತ್ತದೆ. ಆದುದರಿಂದಲೇ ಪ್ರೊಸೆಸರಿನ ಪರೀಕ್ಷಕನಾಗಿ ಪ್ರಸಿದ್ಧವಾಗಿದೆ.

ಪುಸ್ತಕದ ಸಾರ ಹೀಗಿದೆ. ಗುಣಕ 40ಕ್ಕೆ 1.20 ವೋಲ್ಟ್ ಸಾಕಾಯಿತು. 42ಕ್ಕೆ 1.20ರಲ್ಲಿ ಇಪ್ಪತ್ತು ನಿಮಿಷಕ್ಕೆ ಲೆಕ್ಕ ತಪ್ಪಿತು, 1.23ರಲ್ಲಿ ಸರಿಯಾಯಿತು. 43ಕ್ಕೆ 1.26, ಉಷ್ಣತೆ 72 ಡಿಗ್ರಿ. 44ಕ್ಕೆ 1.31, ಉಷ್ಣತೆ 79. 45ಕ್ಕೆ 1.37, ಉಷ್ಣತೆ 86. ಗಮನಿಸಿರಿ: 42ರಿಂದ 43ಕ್ಕೆ ಹೋಗಲು ಬೇಕಾದದ್ದು 0.03 ವೋಲ್ಟ್. ಮುಂದಿನ ಮೆಟ್ಟಿಲಿಗೆ 0.05. ಅದರ ಮುಂದಿನದಕ್ಕೆ 0.06. ಮೆಟ್ಟಿಲು ಒಂದೇ ಎತ್ತರ, ಸುಂಕ ಮಾತ್ರ ಏರುತ್ತಿದೆ. ಪ್ರೊಸೆಸರು ತನ್ನ ಮಿತಿಗೆ ಹತ್ತಿರವಾಗಿದೆ ಎಂದು ಹೇಳುವ ಭಾಷೆಯಿದು. ಇನ್ನೊಂದು ವಿಷಯವೂ ಹೊರಬಿತ್ತು. 45ಕ್ಕೆ 1.37 ಸಾಕಿತ್ತು. ಹುಡುಗ 1.45 ಕೊಟ್ಟಿದ್ದ. ಅಷ್ಟು ದಿನ ಆ ಪ್ರೊಸೆಸರು ತಾನು ಮಾಡದ ತಪ್ಪಿಗೆ ಉರಿದದ್ದು.

ಇನ್ನು ಲಾಭದ ಲೆಕ್ಕ. ಕೆಲಸವೆಲ್ಲ ಪ್ರೊಸೆಸರಿನದ್ದೇ ಎಂದು ಇಟ್ಟುಕೊಂಡರೂ, 3.4ರಲ್ಲಿ ಎರಡು ಗಂಟೆಯ ಕೆಲಸ 4.3ರಲ್ಲಿ ಸುಮಾರು 95 ನಿಮಿಷಕ್ಕೆ, 4.5ರಲ್ಲಿ 91 ನಿಮಿಷಕ್ಕೆ ಮುಗಿಯುತ್ತದೆ. ವ್ಯತ್ಯಾಸ ನಾಲ್ಕು ನಿಮಿಷ. ಮೂಲಸ್ಥಿತಿಗಿಂತ ಬಿಸಿಯ ಏರಿಕೆ 4.3ರಲ್ಲಿ ಶೇಕಡಾ 39, 4.5ರಲ್ಲಿ 72. ಒಂದು ಚಾ ಕುಡಿಯುವ ಹೊತ್ತಿಗಾಗಿ ಅಷ್ಟು ಉರಿ ಬೇಕೇ ಎಂದು ಕೇಳಿದೆ. 43ರಲ್ಲೇ ನಿಲ್ಲಿಸಿದೆವು.

ಕೊನೆಯ ಕಂಬದ ಸಮಸ್ಯೆ

ಈಗ ಮೊದಲು ಹೇಳಿದ ಪಂಪಿನ ಕಥೆಗೆ ಬರೋಣ. ಬಯೋಸಿನಲ್ಲಿ 1.26 ಎಂದು ಬರೆದರೂ ಹೊರೆ ಬಿದ್ದಾಗ ಎಚ್‌ಡಬ್ಲ್ಯುಇನ್ಫೋ 1.22ರಷ್ಟು ತೋರಿಸುವುದುಂಟು. ಬೋರ್ಡು ಕೆಟ್ಟಿದೆ ಎಂದು ಹಲವರು ಹೆದರುತ್ತಾರೆ. ಕೆಟ್ಟಿಲ್ಲ. ದಾರಿಯಲ್ಲಿ ಸಾವಿರದಲ್ಲಿ ಒಂದು ಓಮಿನಷ್ಟು ತಡೆಯಿದ್ದರೂ 80 ಆಂಪಿಯರ್ ಹರಿದಾಗ 0.08 ವೋಲ್ಟ್ ಇಳಿಯುತ್ತದೆ. ಇದು ಓಮನ ನಿಯಮ. ಇದನ್ನು ವಿಡ್ರೂಪ್ ಎನ್ನುತ್ತಾರೆ. ಪ್ರೊಸೆಸರು ಮಾಡುವವರು ಬೇಕೆಂದೇ ಈ ಇಳಿಕೆಗೆ ಅವಕಾಶ ಇಟ್ಟಿದ್ದಾರೆ.

ಇದನ್ನು ಸರಿದೂಗಿಸಲು ಬಯೋಸಿನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಶನ್ ಎಂಬ ಸಾಲಿದೆ. ಅದಕ್ಕೆ ಐದಾರು ಹಂತಗಳು. ಕೊನೆಯ ಕಂಬದ ಮನೆಗೆ ವೋಲ್ಟೇಜ್ ಸಾಲುವುದಿಲ್ಲವೆಂದು ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನು ಮೇಲಕ್ಕೆ ಹಾಕಿದರೆ ಹಗಲು ಪಂಪು ಓಡುತ್ತದೆ ನಿಜ, ರಾತ್ರಿ ಬಲ್ಬು ಒಡೆಯುತ್ತದೆ. ಇಲ್ಲಿಯೂ ಹಾಗೆಯೇ. ಈ ಸಾಲನ್ನು ಅತ್ಯಂತ ಮೇಲಿನ ಹಂತದಲ್ಲಿಟ್ಟರೆ ಹೊರೆಯಲ್ಲಿ ವೋಲ್ಟೇಜ್ ಇಳಿಯುವುದಿಲ್ಲ. ಆದರೆ ಹೊರೆ ಒಮ್ಮೆಲೇ ತಪ್ಪಿದ ಕ್ಷಣದಲ್ಲಿ ಅದು ನಾವು ಬರೆದ ಸಂಖ್ಯೆಯನ್ನೂ ಮೀರಿ ಜಿಗಿಯುತ್ತದೆ. ಆ ಜಿಗಿತ ಕಣ್ಣಿಗೆ ಕಾಣದಷ್ಟು ಕ್ಷಣಿಕ. ತಂತ್ರಾಂಶಕ್ಕೆ ಸಿಗುವುದಿಲ್ಲ, ಮಲ್ಟಿಮೀಟರಿಗೂ ಸಿಗುವುದಿಲ್ಲ. ಅದಕ್ಕೆ ಆಸಿಲೋಸ್ಕೋಪೇ ಬೇಕು. ಹುಡುಗ ಇದನ್ನು ತುದಿಗೇ ಏರಿಸಿಟ್ಟಿದ್ದ. ನಡುವಿನ ಹಂತಕ್ಕೆ ಇಳಿಸಿ, ಹೊರೆಯಲ್ಲಿ ಸ್ವಲ್ಪ ಇಳಿಯಲು ಬಿಟ್ಟೆವು.

ಪರೀಕ್ಷೆಯ ವೇಳೆ ಕಾಣುವ ಲಕ್ಷಣಗಳಿಗೆ ನಾವು ಬರೆದಿಟ್ಟುಕೊಂಡ ಸೂಚಿಯನ್ನೂ ಇಲ್ಲಿ ಕೊಡುತ್ತೇನೆ.

ಹೊರೆ ಹಾಕಿದ ಕೂಡಲೇ ನಿಂತರೆ ವಿಕೋರ್ ತೀರಾ ಕಡಿಮೆ; 0.01ರಂತೆ ಏರಿಸಿ ನೋಡಬೇಕು, ಅಥವಾ ಗುಣಕವನ್ನು ಒಂದು ಇಳಿಸಬೇಕು. ಗಂಟೆ ಕಳೆದ ಮೇಲೆ ನಿಂತರೆ ಮೊದಲು ಉಷ್ಣತೆ ನೋಡಬೇಕು, ಆಮೇಲೆ ವೋಲ್ಟೇಜ್. ಹೊರೆಯಲ್ಲಿ ಸರಿಯಿದ್ದು, ಏನೂ ಕೆಲಸವಿಲ್ಲದಾಗ ಗಪ್ಪನೆ ನಿಂತರೆ 'ಆಫ್‌ಸೆಟ್' ವಿಧಾನದ ಮೇಲೆ ಸಂಶಯ ಪಡಬೇಕು. ಅದರಲ್ಲಿ ಕಳೆದ ಸಂಖ್ಯೆ ಕಡಿಮೆ ವೇಗದ ವಿಶ್ರಾಂತಿ ಸ್ಥಿತಿಗೂ ಅನ್ವಯಿಸಿ, ಅಲ್ಲಿ ವೋಲ್ಟೇಜ್ ಸಾಲದೆ ಹೋಗುತ್ತದೆ. ನಿಲ್ಲದೆ, ಆದರೆ ವೇಗ ತಾನಾಗಿ ಕುಸಿದರೆ ಪ್ರೊಸೆಸರು ಬಿಸಿಯಿಂದ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಆಗ ವೋಲ್ಟೇಜ್ ಏರಿಸುವುದು ಉರಿಯುವ ಒಲೆಗೆ ಸೌದೆ ಇಟ್ಟಂತೆ. ಮಳೆಗಾಲದಲ್ಲಿ ಸರಿಯಾಗಿದ್ದ ಯಂತ್ರ ಎಪ್ರಿಲಿನ ಸೆಕೆಯಲ್ಲಿ ನಿಂತರೆ ಆಶ್ಚರ್ಯವಿಲ್ಲ. ಆಟಿಯಲ್ಲಿ ಮಾಡಿದ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಮಾಡಬೇಕು.

'ಆಟೋ' ಎಂಬ ಅರೆ ಸತ್ಯ

ಇದೆಲ್ಲ ರಗಳೆ ಬೇಡ, ಎಲ್ಲವನ್ನೂ ಆಟೋದಲ್ಲಿಟ್ಟರೆ ಬೋರ್ಡೇ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮೂಲವೇಗದಲ್ಲಿ ಓಡಿಸುವವರಿಗೆ ಆ ಮಾತು ಬಹುಮಟ್ಟಿಗೆ ಸರಿ. ಆದರೆ ಗುಣಕ ಏರಿಸಿ ಆಟೋದಲ್ಲಿ ಬಿಟ್ಟರೆ ಬೋರ್ಡು ಯಂತ್ರ ನಿಲ್ಲಬಾರದೆಂದು ಅಗತ್ಯಕ್ಕಿಂತ ಹೆಚ್ಚೇ ವೋಲ್ಟೇಜ್ ಕೊಡುವುದು ರೂಢಿ.

ಕಳೆದ ಕೆಲವು ವರ್ಷಗಳಲ್ಲಿ ಇದರ ಅಪಾಯವನ್ನು ಜಗತ್ತೇ ಕಂಡಿತು. 2023ರ ಎಪ್ರಿಲಿನಲ್ಲಿ ಎಎಂಡಿಯ ರೈಜನ್ 7000 ಎಕ್ಸ್3ಡಿ ಸಾಲಿನ ಕೆಲವು ಪ್ರೊಸೆಸರುಗಳು ಸಾಕೆಟಿನಲ್ಲೇ ಸುಟ್ಟ ಸುದ್ದಿ ಬಂತು. ಮೆಮೊರಿಯ ವೇಗ ಏರಿಸುವ ಎಕ್ಸ್‌ಪೋ ಎಂಬ ಒಂದೇ ಗುಂಡಿ ಒತ್ತಿದರೆ ಬೋರ್ಡುಗಳು ತಾವಾಗಿಯೇ ಎಸ್‌ಓಸಿ ವೋಲ್ಟೇಜನ್ನು ಏರಿಸುತ್ತಿದ್ದವು. ಆಮೇಲೆ ಎಎಂಡಿ ಬಯೋಸಿನ ಹೊಸ ಆವೃತ್ತಿಗಳ ಮೂಲಕ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. 2024ರಲ್ಲಿ ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಸರದಿ. ಓವರ್‌ಕ್ಲಾಕ್ ಮಾಡದವರ ಯಂತ್ರಗಳೂ ನಿಲ್ಲತೊಡಗಿದವು. ಪ್ರೊಸೆಸರಿನ ಒಳಗಿನ ಮೈಕ್ರೋಕೋಡೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು ಜುಲೈಯಲ್ಲಿ ಇಂಟೆಲ್ ಒಪ್ಪಿಕೊಂಡಿತು, ಆಗಸ್ಟಿನಲ್ಲಿ 1.55 ವೋಲ್ಟಿನ ಮೇಲೆ ಕೇಳದಂತೆ ತಿದ್ದುಪಡಿ ತಂದಿತು. ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಬೋರ್ಡುಗಳ ವಿದ್ಯುತ್ ಮಿತಿಗಳು ಸೂಚಿಸಿದ್ದಕ್ಕಿಂತ ಮೇಲಿದ್ದದ್ದೂ ಕಾರಣಗಳಲ್ಲಿ ಒಂದೆಂದು ಆಮೇಲೆ ಹೇಳಿತು. ಆದರೆ ಅಷ್ಟರಲ್ಲಿ ಸವೆದು ಹೋದ ಪ್ರೊಸೆಸರುಗಳನ್ನು ಯಾವ ತಿದ್ದುಪಡಿಯೂ ಸರಿಮಾಡಲಾರದು.

ಆದುದರಿಂದ ಹೊಸ ಯಂತ್ರ ಇರುವವರು ಮೊದಲು ಮಾಡಬೇಕಾದದ್ದು ಓವರ್‌ಕ್ಲಾಕ್ ಅಲ್ಲ, ಬಯೋಸನ್ನು ಹೊಸ ಆವೃತ್ತಿಗೆ ಏರಿಸುವುದು. ಅದನ್ನು ಮಾಡುವಾಗ ಕರೆಂಟು ಹೋಗಬಾರದು. ನಮ್ಮ ಊರಿನಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವುದು ಬೇಡ. ಇನ್ನೊಂದು ಮಾತು: ಶಾಲೆಯ, ಕಚೇರಿಯ, ಪರರ ಕೆಲಸದ ಯಂತ್ರಗಳು ಇಂತಹ ಪ್ರಯೋಗಕ್ಕೆ ಇರುವುದಲ್ಲ. ಪ್ರಯೋಗ ಮಾಡುವ ಯಂತ್ರ ಬೇರೆ, ಅನ್ನ ಕೊಡುವ ಯಂತ್ರ ಬೇರೆ.

ಹನ್ನೊಂದು ನಿಮಿಷ

ಎರಡು ದಿನ ಎರಡು ರಾತ್ರಿಯ ಬಳಿಕ ಹುಡುಗನ ಯಂತ್ರ ಸರಿಯಾಯಿತು. ಎರಡು ಗಂಟೆಯ ಕೆಲಸ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯತೊಡಗಿತು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಆ ಮಳೆಗಾಲದಲ್ಲಿ ಅವರ ಊರಿನ ದೇವಸ್ಥಾನದಲ್ಲಿ ಒಂದು ತಾಳಮದ್ದಳೆ ಆಗಿತ್ತು. ಹುಡುಗನ ಅಜ್ಜ ಆ ದಿನ ಅರ್ಥ ಹೇಳಿದ್ದರು. ಎಂಬತ್ತು ದಾಟಿದ ಹಿರಿಯರು. ಹೆಸರಾಂತ ಅರ್ಥಧಾರಿಯೇನಲ್ಲ, ಊರ ಸಂಘದಲ್ಲಿ ಐವತ್ತು ವರ್ಷ ಕುಳಿತವರು. ಮೊಮ್ಮಗ ಅದನ್ನು ಕ್ಯಾಮರಾದಲ್ಲಿ ಹಿಡಿದು, ಮನೆಗೆ ಬಂದು ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿ, ಮರುದಿನದ ಮದುವೆಗೆ ಬೇಕೆಂದು ಕಾರ್ಡನ್ನು ಅಳಿಸಿದ್ದ. ಇಳಿಸಿದ್ದು ಆ ಮೆಮೊರಿ ತಪ್ಪುತ್ತಿದ್ದ ವಾರದಲ್ಲಿ. ಕಡತಗಳು ಕಾರ್ಡಿನಿಂದ ಡಿಸ್ಕಿಗೆ ಹೋಗುವುದು ಮೆಮೊರಿಯ ಮೂಲಕವೇ. ನಡುದಾರಿಯಲ್ಲಿ ಒಂದು ಸೊನ್ನೆ ಒಂದಾದರೆ ಯಾರೂ ಹೇಳುವುದಿಲ್ಲ. ನೀಲಿ ಪರದೆಯೂ ಬರುವುದಿಲ್ಲ. ಕಡತದ ಗಾತ್ರ ಸರಿಯೇ ಇರುತ್ತದೆ.

ಯಂತ್ರ ಸರಿಯಾದ ಮೇಲೆ ಅದನ್ನು ತೆರೆದು ನೋಡಿದೆವು. ಅಜ್ಜ ಮಾತು ಸುರು ಮಾಡಿ ಸ್ವಲ್ಪ ಹೊತ್ತಿಗೆ ಚಿತ್ರ ಚೂರು ಚೂರಾಗಿ ಧ್ವನಿ ನಿಂತಿತು. ಮತ್ತೆ ಬಂದದ್ದು ಹನ್ನೊಂದು ನಿಮಿಷ ಬಿಟ್ಟು. ತೆಗೆಯಲು ನೋಡಿದೆವು, ಆಗಲಿಲ್ಲ. ಅಜ್ಜ ಆ ವರ್ಷದ ದೀಪಾವಳಿಗೆ ಮೊದಲೇ ತೀರಿಹೋದರು. ಅವರ ಮಾತು ದಾಖಲೆಯಾಗಿ ಇದ್ದದ್ದು ಅದೊಂದೇ.

"ಪ್ರೊಸೆಸರ್ ಸುಟ್ಟು ಹೋಗಿದ್ದರೆ ಬೇರೆ ಕೊಳ್ಳಬಹುದಿತ್ತು ಮಾಸ್ಟ್ರೇ," ಎಂದ ಹುಡುಗ. ಅದಕ್ಕೆ ಉತ್ತರವಾಗಿ ಹೇಳಲು ನನ್ನ ಬಳಿ ಪಾಠ ಇರಲಿಲ್ಲ.

ಈಗ ಅವನು ಕಾರ್ಡನ್ನು ಅಳಿಸುವ ಮೊದಲು ಪ್ರತಿಯನ್ನು ಪೂರ್ತಿ ಓಡಿಸಿ ನೋಡುತ್ತಾನೆ. ಎರಡು ಬೇರೆ ಡಿಸ್ಕುಗಳಲ್ಲಿ ಇಡುತ್ತಾನೆ. ಬಯೋಸಿನಲ್ಲಿ ಏನು ಬದಲಿಸಿದರೂ ಆ ದಿನ ಯಾವ ಮುಖ್ಯ ಕಡತವನ್ನೂ ಮುಟ್ಟುವುದಿಲ್ಲ. ಹೊಸ ಯಂತ್ರ ಕೊಂಡಿದ್ದಾನೆ. ಅದನ್ನು ಮೂಲವೇಗದಲ್ಲೇ ಓಡಿಸುತ್ತಾನೆ. ಹಳೆಯದು ಮೂಲೆಯಲ್ಲಿ 43ರ ಗುಣಕದಲ್ಲಿ ಇಂದಿಗೂ ಓಡುತ್ತಿದೆ. ಅದರ ಮೇಲೆ ಆ ಕಾಪಿ ಪುಸ್ತಕ ಇದೆ. ಊರಿನ ಹುಡುಗರು ವೋಲ್ಟೇಜ್ ಎಷ್ಟು ಏರಿಸಬಹುದೆಂದು ಕೇಳಲು ಬಂದರೆ ಅವನು ಮೊದಲು ಕೇಳುವುದು, "ಬರೆದಿಟ್ಟಿದ್ದೀಯಾ?" ಎಂದು.